ಹನಿ ನೀರಿನೊಳಗಿನ ಲೋಕ: ರಾಬರ್ಟ್ ಕಾಖ್ ಅವರ ಜೀವನ ಮತ್ತು ಸಾಧನೆ

ಕುಡಿಯುವ ನೀರು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಮನುಷ್ಯ ಸಾವಿರಾರು ವರ್ಷಗಳ ಕಾಲ ಕಣ್ಣು, ಮೂಗು, ನಾಲಗೆಗಳಿಂದಲೇ ನಿರ್ಣಯಿಸಿದ. ತಿಳಿಯಾಗಿ ಕಂಡರೆ, ದುರ್ನಾತವಿಲ್ಲದಿದ್ದರೆ, ಬಾಯಿಗೆ ರುಚಿಸಿದರೆ ಅದು ಒಳ್ಳೆಯ ನೀರು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ನೀರು ರುಚಿಕರವೆಂದೇ ಹೆಸರಾಗಿತ್ತು. ಆ ನೀರನ್ನು ಕುಡಿದ ನೂರಾರು ಮಂದಿ ಕೆಲವೇ ದಿನಗಳಲ್ಲಿ ಕಾಲರಾಕ್ಕೆ ತುತ್ತಾದರು. ಕಾಲರಾ ಹರಡುವುದು ನೀರಿನಿಂದ ಎಂದು ಜಾನ್ ಸ್ನೋ ಎಂಬ ವೈದ್ಯರು ಸಾವುಗಳ ನಕ್ಷೆ ಬರೆದು ತೋರಿಸಿದರು. ಆದರೆ ನೀರಿನಲ್ಲಿರುವುದು ಏನು ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಆ ಉತ್ತರವನ್ನು ಕಂಡು ಅದನ್ನು ಎಣಿಸುವ ವಿಧಾನವನ್ನೂ ಲೋಕಕ್ಕೆ ಕೊಟ್ಟವರು ಜರ್ಮನಿಯ ರಾಬರ್ಟ್ ಕಾಖ್. ಕ್ಷಯರೋಗದ ದಂಡಾಣುವನ್ನು ಕಂಡುಹಿಡಿದವರೆಂದು ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಬರುತ್ತದೆ. ನೀರಿನ ಪರೀಕ್ಷೆಗೆ ಅವರು ಹಾಕಿದ ಅಡಿಪಾಯ ಅದಕ್ಕಿಂತ ಕಡಿಮೆ ಮಹತ್ತ್ವದ್ದಲ್ಲ.

ಕಾಖ್ ಅವರು ಹುಟ್ಟಿದ್ದು 1843ರ ಡಿಸೆಂಬರ್ 11ರಂದು, ಹಾರ್ಟ್ಸ್ ಪರ್ವತ ಪ್ರದೇಶದ ಕ್ಲೌಸ್ಟಾಲ್ ಎಂಬ ಗಣಿ ಊರಿನಲ್ಲಿ. ತಂದೆ ಹೆರ್ಮನ್ ಗಣಿ ಇಲಾಖೆಯ ಅಧಿಕಾರಿ. ಹದಿಮೂರು ಮಕ್ಕಳ ದೊಡ್ಡ ಸಂಸಾರ. ಐದನೆಯ ವಯಸ್ಸಿನಲ್ಲೇ ಬಾಲಕ ರಾಬರ್ಟ್ ವೃತ್ತಪತ್ರಿಕೆಗಳನ್ನು ನೋಡಿ ನೋಡಿ ತಾನಾಗಿಯೇ ಓದಲು ಕಲಿತನೆಂಬ ಮಾತು ಮನೆಯವರಲ್ಲಿ ಉಳಿದು ಬಂದಿತ್ತು. ಕಲ್ಲು, ಕೀಟ, ಗಿಡಗಳನ್ನು ಕೂಡಿಹಾಕುವುದು ಅವನ ಆಟ. ದೂರದೇಶಗಳನ್ನು ಸುತ್ತಬೇಕೆಂಬ ಹಂಬಲವೂ ಅವನೊಳಗೆ ಆಗಲೇ ಬೇರೂರಿತ್ತು.

1862ರಲ್ಲಿ ಅವರು ಗೋಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದರು. ಮೊದಲು ಪ್ರಕೃತಿವಿಜ್ಞಾನ, ಬಳಿಕ ವೈದ್ಯಶಾಸ್ತ್ರ. ಅಲ್ಲಿ ಅಂಗರಚನಾಶಾಸ್ತ್ರವನ್ನು ಕಲಿಸುತ್ತಿದ್ದ ಯಾಕೋಬ್ ಹೆನ್ಲೆ, ಸಾಂಕ್ರಾಮಿಕ ರೋಗಗಳಿಗೆ ಜೀವಂತ ಪರೋಪಜೀವಿಗಳೇ ಕಾರಣವಾಗಿರಬೇಕೆಂದು 1840ರಲ್ಲೇ ಬರೆದಿದ್ದವರು. ಅದು ತರ್ಕದಿಂದ ಬಂದ ಊಹೆ, ಪ್ರಮಾಣ ಇರಲಿಲ್ಲ. ಆ ಪ್ರಮಾಣವನ್ನು ಒದಗಿಸುವವನು ತನ್ನ ತರಗತಿಯಲ್ಲೇ ಕುಳಿತಿದ್ದಾನೆಂದು ಹೆನ್ಲೆ ಅರಿತಿರಲಾರರು. 1866ರಲ್ಲಿ ಪದವಿ ಪಡೆದ ಕಾಖ್ ಹ್ಯಾಂಬರ್ಗಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಸಹಾಯಕರಾದರು. ಆ ವರ್ಷ ಅಲ್ಲಿ ಕಾಲರಾ ಬಂದಿತ್ತು. ಮುಂದೆ ತಮ್ಮ ಹೆಸರಿನೊಡನೆ ಶಾಶ್ವತವಾಗಿ ಸೇರಿಹೋಗಲಿದ್ದ ರೋಗವನ್ನೂ ನಗರವನ್ನೂ ಅವರು ಮೊದಲು ಕಂಡದ್ದು ಹೀಗೆ.

ಹಡಗಿನ ವೈದ್ಯನಾಗಿ ಲೋಕ ಸುತ್ತುವ ಆಸೆ ಕೈಗೂಡಲಿಲ್ಲ. 1867ರಲ್ಲಿ ಎಮ್ಮಿ ಫ್ರಾಟ್ಸ್ ಅವರನ್ನು ಮದುವೆಯಾದರು. ಮರುವರ್ಷ ಗೆರ್ಟ್ರೂಡ್ ಎಂಬ ಮಗಳು ಹುಟ್ಟಿದಳು. ಸಂಸಾರ ನಡೆಸಲು ಊರಿಂದೂರಿಗೆ ಹೋಗಿ ವೈದ್ಯವೃತ್ತಿ ಮಾಡಿದರು. 1870ರ ಯುದ್ಧದಲ್ಲಿ ಸೇನಾವೈದ್ಯರಾಗಿ ದುಡಿದರು. ಕೊನೆಗೆ 1872ರಲ್ಲಿ ವೋಲ್‌ಸ್ಟೈನ್ ಎಂಬ ಸಣ್ಣ ಪಟ್ಟಣದಲ್ಲಿ ಜಿಲ್ಲಾ ವೈದ್ಯಾಧಿಕಾರಿಯಾಗಿ ನೆಲೆನಿಂತರು. ಈ ಪಟ್ಟಣ ಇಂದು ಪೋಲೆಂಡಿನಲ್ಲಿದೆ. ಅಲ್ಲಿ ವಿಶ್ವವಿದ್ಯಾಲಯವಿರಲಿಲ್ಲ, ಗ್ರಂಥಾಲಯವಿರಲಿಲ್ಲ, ವಿದ್ಯೆಯ ವಿಷಯ ಮಾತನಾಡಲು ಜೊತೆಗಾರರೂ ಇರಲಿಲ್ಲ. ಇದ್ದದ್ದು ಹೆಂಡತಿ ಉಡುಗೊರೆಯಾಗಿ ಕೊಟ್ಟಳೆಂದು ಹೇಳಲಾಗುವ ಒಂದು ಸೂಕ್ಷ್ಮದರ್ಶಕ, ಮತ್ತು ರೋಗಿಗಳನ್ನು ನೋಡುವ ಕೋಣೆಯಲ್ಲಿ ಪರದೆ ಎಳೆದು ಮಾಡಿಕೊಂಡ ಒಂದು ಮೂಲೆ. ಆ ಮೂಲೆಯೇ ಅವರ ಪ್ರಯೋಗಶಾಲೆಯಾಯಿತು.

ಆ ಸೀಮೆಯ ದನ ಕುರಿಗಳಲ್ಲಿ ನೆರಡಿ ರೋಗ, ಅಂದರೆ ಅಂಥ್ರಾಕ್ಸ್, ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಸತ್ತ ಪಶುಗಳ ರಕ್ತದಲ್ಲಿ ಕಡ್ಡಿಯಂಥ ಸೂಕ್ಷ್ಮಜೀವಿಗಳಿರುವುದನ್ನು ಬೇರೆಯವರು ಆಗಲೇ ಕಂಡಿದ್ದರು. ಆದರೆ ವರ್ಷಗಟ್ಟಲೆ ದನ ಮೇಯದ ಹುಲ್ಲುಗಾವಲಿನಲ್ಲೂ ರೋಗ ಹೇಗೆ ಉಳಿದುಕೊಳ್ಳುತ್ತದೆ ಎಂಬುದು ಒಗಟಾಗಿತ್ತು. ಕಾಖ್ ಅವರು ಸತ್ತ ಪಶುವಿನ ಗುಲ್ಮದ ರಕ್ತವನ್ನು ಮರದ ಸಣ್ಣ ಸಿಬಿರಿಗೆ ಸವರಿ ಇಲಿಗಳಿಗೆ ಚುಚ್ಚಿದರು. ಎತ್ತಿನ ಕಣ್ಣಿನೊಳಗಿನ ತಿಳಿದ್ರವದ ಹನಿಯಲ್ಲಿ ಕಡ್ಡಿಗಳನ್ನು ಬೆಳೆಸಿ ಗಂಟೆಗಟ್ಟಲೆ ನೋಡುತ್ತ ಕುಳಿತರು. ಕಡ್ಡಿಗಳು ಉದ್ದವಾಗಿ ದಾರಗಳಾದವು. ದಾರಗಳೊಳಗೆ ಮಣಿಗಳಂತೆ ಹೊಳೆಯುವ ಬೀಜಾಣುಗಳು ಮೂಡಿದವು. ಒಣಗಿದರೂ ಸಾಯದ ಈ ಬೀಜಾಣುಗಳು ಅನುಕೂಲ ಒದಗಿದಾಗ ಮತ್ತೆ ಕಡ್ಡಿಗಳಾದವು. ಹುಲ್ಲುಗಾವಲಿನ ಒಗಟು ಬಿಡಿಸಿತು. 1876ರ ಏಪ್ರಿಲ್ ಕೊನೆಯಲ್ಲಿ ಅವರು ತಮ್ಮ ಸಾಮಗ್ರಿಗಳನ್ನೆಲ್ಲ ಹೊತ್ತು ಬ್ರೆಸ್ಲೌ ನಗರದ ಪ್ರಸಿದ್ಧ ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋನ್ ಅವರ ಬಳಿಗೆ ಹೋಗಿ ಮೂರು ದಿನ ಪ್ರಯೋಗಗಳನ್ನು ಮಾಡಿ ತೋರಿಸಿದರು. ಹಳ್ಳಿಗಾಡಿನಿಂದ ಬಂದ ಅಪರಿಚಿತ ವೈದ್ಯನ ಕೆಲಸವನ್ನು ಕಂಡ ಕೋನ್ ಅದನ್ನು ತಮ್ಮ ಪತ್ರಿಕೆಯಲ್ಲೇ ಪ್ರಕಟಿಸಿದರು. ಒಂದು ನಿರ್ದಿಷ್ಟ ರೋಗಕ್ಕೆ ಒಂದು ನಿರ್ದಿಷ್ಟ ಬ್ಯಾಕ್ಟೀರಿಯಾ ಕಾರಣವೆಂಬುದು ಹೀಗೆ ಪ್ರಯೋಗದಿಂದ ಸಿದ್ಧವಾಯಿತು.

1880ರಲ್ಲಿ ಕಾಖ್ ಅವರಿಗೆ ಬರ್ಲಿನ್ನಿನ ಸಾಮ್ರಾಜ್ಯ ಆರೋಗ್ಯ ಕಚೇರಿಯಿಂದ ಕರೆ ಬಂತು. ಫ್ರೀಡ್ರಿಖ್ ಲೋಫ್ಲರ್, ಗೇಯೋರ್ಗ್ ಗಾಫ್ಕಿ ಎಂಬ ಸಮರ್ಥ ಸಹಾಯಕರು ದೊರೆತರು. ಆಗಿನ ಸಂಶೋಧಕರನ್ನು ಕಾಡುತ್ತಿದ್ದ ಮುಖ್ಯ ತೊಡಕು ಬೆರಕೆಯದು. ಸಾರಿನಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿದರೆ ಹತ್ತು ಬಗೆಯವು ಒಂದರೊಳಗೊಂದು ಕಲೆತುಹೋಗುತ್ತಿದ್ದವು. ಯಾವುದು ಯಾವ ರೋಗಕ್ಕೆ ಕಾರಣವೆಂದು ಹೇಳುವುದು ಅಸಾಧ್ಯವಾಗುತ್ತಿತ್ತು. ಬೇಯಿಸಿದ ಆಲೂಗಡ್ಡೆಯ ಹೋಳನ್ನು ಗಾಳಿಗೆ ಒಡ್ಡಿಟ್ಟಾಗ ಅದರ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆಗಳು ಬಿಡಿಬಿಡಿಯಾಗಿ ಮೂಡುವುದನ್ನೂ, ಒಂದೊಂದು ಚುಕ್ಕೆಯಲ್ಲೂ ಒಂದೇ ಬಗೆಯ ಜೀವಿಗಳಿರುವುದನ್ನೂ ಕಾಖ್ ಗಮನಿಸಿದರು. ದ್ರವದಲ್ಲಿ ಈಜಾಡುವ ಜೀವಿ ಘನಪದಾರ್ಥದ ಮೇಲೆ ಬಿದ್ದರೆ ಬಿದ್ದಲ್ಲೇ ನಿಂತು ಬೆಳೆಯುತ್ತದೆ. ಪೋಷಕದ್ರವಕ್ಕೆ ಜೆಲಾಟಿನ್ ಬೆರೆಸಿ ಗಾಜಿನ ತಟ್ಟೆಯ ಮೇಲೆ ಹೆಪ್ಪುಗಟ್ಟಿಸಿದರೆ ಅದೇ ಫಲ ಸಿಗುವುದೆಂದು ಅವರು ತೋರಿಸಿದರು. 1881ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದ ಸಂದರ್ಭದಲ್ಲಿ ಈ ವಿಧಾನವನ್ನು ಪ್ರದರ್ಶಿಸಿದಾಗ ಫ್ರಾನ್ಸಿನ ಲೂಯಿ ಪಾಶ್ಚರ್ ಅವರೂ ಅಲ್ಲಿದ್ದರು.

ನೀರಿನ ಪರೀಕ್ಷೆಗೆ ಹೊಸ ಹಾದಿ ತೆರೆದುಕೊಂಡದ್ದು ಇಲ್ಲಿಯೇ. ಪರೀಕ್ಷಿಸಬೇಕಾದ ನೀರಿನ ಒಂದು ಮಿಲಿಲೀಟರನ್ನು ಕರಗಿಸಿದ ಜೆಲಾಟಿನ್ನಿಗೆ ಬೆರೆಸಿ ತಟ್ಟೆಯ ಮೇಲೆ ಸುರಿದು, ಧೂಳು ಬೀಳದಂತೆ ಮುಚ್ಚಿ ಕೆಲವು ದಿನ ಇಡಬೇಕು. ನೀರಿನಲ್ಲಿದ್ದ ಒಂದೊಂದು ಜೀವಿಯೂ ಸಿಕ್ಕಿಕೊಂಡ ಜಾಗದಲ್ಲೇ ಬೆಳೆದು ಬರಿಗಣ್ಣಿಗೆ ಕಾಣುವ ಒಂದು ಚುಕ್ಕೆಯಾಗುತ್ತದೆ. ಚುಕ್ಕೆಗಳನ್ನು ಎಣಿಸಿದರೆ ಆ ಹನಿ ನೀರಿನಲ್ಲಿ ಎಷ್ಟು ಜೀವಿಗಳಿದ್ದವು ಎಂಬ ಲೆಕ್ಕ ಸಿಗುತ್ತದೆ. ಅದುವರೆಗೆ ನೀರಿನ ಗುಣವನ್ನು ರಸಾಯನವಿಜ್ಞಾನಿಗಳು ಕರಗಿದ ಲವಣ, ಅಮೋನಿಯಾಗಳ ಪ್ರಮಾಣದಿಂದ ಅಳೆಯುತ್ತಿದ್ದರು. ಈಗ ನೀರಿನೊಳಗಿನ ಜೀವಿಗಳನ್ನೇ ಅಳೆಯುವುದು ಸಾಧ್ಯವಾಯಿತು. ಜೆಲಾಟಿನ್ನಿಗೆ ಒಂದು ದೋಷವಿತ್ತು: ಮನುಷ್ಯನ ಮೈಬಿಸಿಯಷ್ಟು ಕಾವಿಗೆ ಅದು ಕರಗಿಹೋಗುತ್ತಿತ್ತು. ಇದಕ್ಕೆ ಪರಿಹಾರ ಬಂದದ್ದು ಅಡುಗೆಮನೆಯಿಂದ. ಕಾಖ್ ಅವರ ಬಳಿ ಕೆಲಸ ಕಲಿತ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ, ಹಣ್ಣಿನ ಜೆಲ್ಲಿ ಮಾಡಲು ತಾವು ಬಳಸುತ್ತಿದ್ದ ಅಗರ್ ಎಂಬ ಕಡಲಪಾಚಿಯ ಅಂಟನ್ನು ಸೂಚಿಸಿದರು. ಬಿಸಿಲಿನ ನಾಡುಗಳಲ್ಲೂ ಕರಗದ ಅಗರ್ ಇಂದಿಗೂ ಪ್ರಯೋಗಶಾಲೆಗಳ ಆಧಾರ. ಕಾಖ್ ಅವರ ಮತ್ತೊಬ್ಬ ಸಹಾಯಕ ಯೂಲಿಯಸ್ ರಿಚರ್ಡ್ ಪೆಟ್ರಿ 1887ರಲ್ಲಿ ಬಟ್ಟಲಿನಾಕಾರದ ಮುಚ್ಚಳದ ತಟ್ಟೆಯನ್ನು ರೂಪಿಸಿದರು. ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು.

1882ರ ಮಾರ್ಚ್ 24ರ ಸಂಜೆ, ಬರ್ಲಿನ್ನಿನ ಶರೀರಕ್ರಿಯಾಶಾಸ್ತ್ರ ಸಂಘದ ಸಭೆಯಲ್ಲಿ ಕಾಖ್ ಕ್ಷಯರೋಗದ ದಂಡಾಣುವನ್ನು ಕಂಡುಹಿಡಿದುದನ್ನು ಪ್ರಕಟಿಸಿದರು. ಆಗಿನ ಪ್ರತಿ ಏಳು ಸಾವುಗಳಲ್ಲಿ ಒಂದಕ್ಕೆ ಕ್ಷಯವೇ ಕಾರಣವೆಂದು ಅವರು ಲೆಕ್ಕ ಕೊಟ್ಟಿದ್ದರು. ಕೆಲವೇ ವಾರಗಳಲ್ಲಿ ಅವರ ಹೆಸರು ಲೋಕದ ಮೂಲೆಮೂಲೆಗೂ ಹರಡಿತು.

1883ರಲ್ಲಿ ಈಜಿಪ್ಟಿನಲ್ಲಿ ಕಾಲರಾ ತಲೆದೋರಿತು. ಸೂಯೆಜ್ ಕಾಲುವೆ ತೆರೆದ ಬಳಿಕ ಏಷ್ಯಾ ಮತ್ತು ಯೂರೋಪಿನ ನಡುವಿನ ದೂರ ಕುಗ್ಗಿತ್ತು. ಹಡಗುಗಳೊಡನೆ ರೋಗವೂ ಬರಬಹುದೆಂಬ ಭಯ ಯೂರೋಪಿನ ಸರಕಾರಗಳನ್ನು ಕಾಡಿತು. ಫ್ರಾನ್ಸ್ ಮತ್ತು ಜರ್ಮನಿಗಳು ತಲಾ ಒಂದು ತಂಡವನ್ನು ಅಲೆಕ್ಸಾಂಡ್ರಿಯಾಕ್ಕೆ ಕಳುಹಿಸಿದವು. ಜರ್ಮನ್ ತಂಡದ ಮುಖಂಡರು ಕಾಖ್. ಎರಡು ದೇಶಗಳ ನಡುವೆ ಯುದ್ಧದ ಹಗೆ ಇನ್ನೂ ಆರಿರಲಿಲ್ಲ. ಸೆಪ್ಟೆಂಬರಿನಲ್ಲಿ ಫ್ರೆಂಚ್ ತಂಡದ ತರುಣ ಸಂಶೋಧಕ ಲೂಯಿ ಥ್ಯುಲಿಯೆ ಕಾಲರಾ ತಗುಲಿ ತೀರಿಕೊಂಡರು, ಇಪ್ಪತ್ತೇಳರ ಹರೆಯ. ಶವಯಾತ್ರೆಯಲ್ಲಿ ಜರ್ಮನರೂ ನಡೆದರು. ಕಾಖ್ ಅವರು ಹೂಮಾಲೆಯಿಟ್ಟು ಗೌರವ ಸಲ್ಲಿಸಿದರು. ಅಷ್ಟರಲ್ಲಿ ಈಜಿಪ್ಟಿನಲ್ಲಿ ರೋಗ ತಗ್ಗಿತು. ಸತ್ತವರ ಕರುಳಿನ ಗೋಡೆಯಲ್ಲಿ ಒಂದು ವಿಶಿಷ್ಟ ದಂಡಾಣುವನ್ನು ಕಾಖ್ ಕಂಡಿದ್ದರೂ ಸಾಕ್ಷ್ಯ ಸಾಲದಾಯಿತು. ರೋಗದ ತವರಿಗೇ ಹೋಗಬೇಕೆಂದು ಅವರು ಸರಕಾರದ ಅನುಮತಿ ಪಡೆದು ಭಾರತಕ್ಕೆ ಹೊರಟರು.

ಅವರು ಕಲ್ಕತ್ತವನ್ನು ಮುಟ್ಟಿದ್ದು 1883ರ ಡಿಸೆಂಬರ್ 11ರಂದು, ತಮ್ಮ ನಲವತ್ತು ತುಂಬಿದ ದಿನ. ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸ್ಥಳ ಸಿಕ್ಕಿತು. ಕಾಲರಾದಿಂದ ಸತ್ತವರ ಕರುಳಿನಿಂದ ತೆಗೆದ ದ್ರವವನ್ನು ಜೆಲಾಟಿನ್ ತಟ್ಟೆಯ ಮೇಲೆ ಹರಡಿದಾಗ ಒಂದೇ ಬಗೆಯ ಚುಕ್ಕೆಗಳು ಬೆಳೆದವು. ಅವುಗಳೊಳಗಿನ ಜೀವಿ ನೆಟ್ಟಗಿನ ಕಡ್ಡಿಯಲ್ಲ, ಅಲ್ಪವಿರಾಮದ ಚಿಹ್ನೆಯಂತೆ ತುಸು ಬಾಗಿದ್ದು. ಚುರುಕಾಗಿ ಈಜುವಂಥದು, ಒಣಗಿದರೆ ಬೇಗ ಸಾಯುವಂಥದು, ತೇವದಲ್ಲಿ ವೇಗವಾಗಿ ವೃದ್ಧಿಸುವಂಥದು. ಕಾಲರಾ ರೋಗಿಗಳಲ್ಲಿ ಅದು ಸಿಕ್ಕಿತು, ಬೇರೆ ರೋಗಗಳಿಂದ ಬಳಲಿದವರಲ್ಲಿ ಸಿಗಲಿಲ್ಲ. ಈ ಜೀವಿಯನ್ನು ಇಟಲಿಯ ಫಿಲಿಪ್ಪೊ ಪಾಚೀನಿ 1854ರಲ್ಲಿಯೇ ಕಂಡು ಬರೆದಿದ್ದರು. ಆ ಬರಹ ಯಾರ ಗಮನಕ್ಕೂ ಬಾರದೆ ಮೂಲೆಗೆ ಸೇರಿತ್ತು. ಪಾಚೀನಿ ಕಣ್ಣಾರೆ ಕಂಡಿದ್ದರು. ಕಾಖ್ ಅದನ್ನು ಬೇರ್ಪಡಿಸಿ ಬೆಳೆಸಿದರು.

ಮುಂದಿನ ಹೆಜ್ಜೆ ಆಸ್ಪತ್ರೆಯಿಂದ ಹೊರಗೆ. ಬೆಲಿಯಾಘಾಟದ ಕಡೆಯ ಸಾಹೇಬ್ ಬಗಾನ್ ಎಂಬ ಬಸ್ತಿಯಲ್ಲಿ ಒಂದು ಕೆರೆಯ ಸುತ್ತ ವಾಸವಾಗಿದ್ದವರಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಜನ ಅದೇ ಕೆರೆಯಲ್ಲಿ ಮೀಯುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಅದೇ ನೀರನ್ನು ಕುಡಿಯುತ್ತಿದ್ದರು. ಮೊದಲು ಸತ್ತವರ ಬಟ್ಟೆಗಳನ್ನು ಒಗೆದದ್ದೂ ಅಲ್ಲಿಯೇ. ಕಾಖ್ ಅವರು ಆ ನೀರನ್ನು ಪರೀಕ್ಷಿಸಿದಾಗ ಆಸ್ಪತ್ರೆಯಲ್ಲಿ ಕಂಡ ಬಾಗಿದ ದಂಡಾಣು ಕೆರೆಯಲ್ಲೂ ಸಿಕ್ಕಿತು. ಬಸ್ತಿಯಲ್ಲಿ ರೋಗ ಇಳಿದಂತೆ ನೀರಿನಲ್ಲಿ ಅದೂ ಕಡಿಮೆಯಾಯಿತು. ರೋಗಿಯ ಮೈಯಲ್ಲಿದ್ದ ರೋಗಾಣುವನ್ನು ರೋಗಿ ಕುಡಿದ ನೀರಿನಲ್ಲೂ ಕಂಡು ಬೇರ್ಪಡಿಸಿದ್ದು 1884ರ ಫೆಬ್ರವರಿಯ ಆ ದಿನಗಳ ಸಾಧನೆ. ನಗರಕ್ಕೆ ಶೋಧಿಸಿದ ಕೊಳಾಯಿ ನೀರು ಬಂದ ಬಳಿಕ ಕಾಲರಾದ ಸಾವುಗಳು ತಗ್ಗಿದ್ದನ್ನೂ ಅವರು ತಮ್ಮ ವರದಿಯಲ್ಲಿ ಎತ್ತಿಹೇಳಿದರು.

ಮೇ ತಿಂಗಳಲ್ಲಿ ಬರ್ಲಿನ್ನಿಗೆ ಮರಳಿದ ಕಾಖ್ ಅವರಿಗೆ ವೀರರ ಸ್ವಾಗತ ದೊರೆಯಿತು. ಸರಕಾರ ಒಂದು ಲಕ್ಷ ಮಾರ್ಕುಗಳ ಕಾಣಿಕೆ ಕೊಟ್ಟಿತು. ಆದರೆ ಎಲ್ಲರೂ ಒಪ್ಪಲಿಲ್ಲ. ರೋಗ ನೀರಿನಿಂದ ಮತ್ತು ಮನುಷ್ಯನಿಂದ ಹರಡುತ್ತದೆಂದು ಒಪ್ಪಿದರೆ ಭಾರತದಿಂದ ಹೊರಡುವ ಹಡಗುಗಳನ್ನು ಬಂದರುಗಳಲ್ಲಿ ತಡೆಹಿಡಿಯಬೇಕಾಗುತ್ತಿತ್ತು; ಬ್ರಿಟಿಷ್ ವ್ಯಾಪಾರಕ್ಕೆ ಅದು ಹೊಡೆತ. ಬ್ರಿಟಿಷ್ ಸರಕಾರ ಎಮಾನ್ಯುಯೆಲ್ ಕ್ಲೈನ್ ಮತ್ತು ಹೆನೇಜ್ ಗಿಬ್ಸ್ ಅವರನ್ನು ಕಲ್ಕತ್ತಕ್ಕೆ ಕಳುಹಿಸಿತು. ಬಾಗಿದ ದಂಡಾಣುವೇ ಕಾಲರಾಕ್ಕೆ ಕಾರಣವೆಂಬ ತೀರ್ಮಾನವನ್ನು ಅವರು ಅಲ್ಲಗಳೆದರು. ಅವರ ವಾದಕ್ಕೆ ಒಂದು ಆಸರೆಯೂ ಇತ್ತು: ಕಾಖ್ ಎಷ್ಟೇ ಪ್ರಯತ್ನಿಸಿದರೂ ಪ್ರಾಣಿಗಳಲ್ಲಿ ಕಾಲರಾವನ್ನು ಉಂಟುಮಾಡಿ ತೋರಿಸುವುದು ಸುಲಭವಾಗಿರಲಿಲ್ಲ. ರೋಗಾಣುವನ್ನು ಬೇರ್ಪಡಿಸಬೇಕು, ಶುದ್ಧವಾಗಿ ಬೆಳೆಸಬೇಕು, ಬೆಳೆದದ್ದು ಮತ್ತೆ ರೋಗ ತರಬೇಕು ಎಂಬ ತಮ್ಮ ನಿಯಮದ ಕೊನೆಯ ಭಾಗಕ್ಕೆ ಕಾಲರಾದ ವಿಷಯದಲ್ಲಿ ಅವರಿಂದ ತೃಪ್ತಿಕರ ಉತ್ತರ ಬರಲಿಲ್ಲ. ಮ್ಯೂನಿಕ್ಕಿನ ಹಿರಿಯ ಆರೋಗ್ಯಶಾಸ್ತ್ರಜ್ಞ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್, ರೋಗಾಣುವೊಂದೇ ಸಾಲದು, ಆಯಾ ಊರಿನ ನೆಲದ ಗುಣವೂ ಕೂಡಿಬರಬೇಕೆಂದು ವಾದಿಸುತ್ತಿದ್ದರು.

1885ರಲ್ಲಿ ಕಾಖ್ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾದರು. 1890ರಲ್ಲಿ ಅವರ ಬಾಳಿನ ಅತಿ ದೊಡ್ಡ ತಪ್ಪು ಘಟಿಸಿತು. ಬರ್ಲಿನ್ನಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಕ್ಷಯವನ್ನು ತಡೆಯಬಲ್ಲ ವಸ್ತುವೊಂದು ತಮಗೆ ದೊರೆತಿದೆಯೆಂದು ಸಾರಿದರು. ಟ್ಯುಬರ್ಕ್ಯುಲಿನ್ ಎಂದು ಹೆಸರಾದ ಆ ಮದ್ದು ಏನೆಂಬುದನ್ನು ಮೊದಲಿಗೆ ಗುಟ್ಟಾಗಿಟ್ಟರು. ಲೋಕದ ನಾನಾ ಕಡೆಗಳಿಂದ ರೋಗಿಗಳು ಬರ್ಲಿನ್ನಿಗೆ ಧಾವಿಸಿದರು. ತಿಂಗಳುಗಳೊಳಗೆ ನಿಜ ಹೊರಬಿತ್ತು: ಮದ್ದು ಗುಣಪಡಿಸುತ್ತಿರಲಿಲ್ಲ, ಕೆಲವರಲ್ಲಿ ರೋಗವನ್ನು ಕೆರಳಿಸುತ್ತಿತ್ತು, ರುಡಾಲ್ಫ್ ವಿರ್ಖೋ ಅವರ ಶವಪರೀಕ್ಷೆಗಳು ಇದನ್ನು ಸ್ಪಷ್ಟಪಡಿಸಿದವು. ಒಂದೊಂದು ಮಾತಿಗೂ ಪ್ರಮಾಣ ಕೇಳುತ್ತಿದ್ದ ವಿಜ್ಞಾನಿ ತಮ್ಮದೇ ಮಾತಿಗೆ ಪ್ರಮಾಣ ಒದಗುವವರೆಗೆ ಕಾಯಲಿಲ್ಲ. ಆ ಮದ್ದು ಮುಂದೆ ಕ್ಷಯವನ್ನು ಪತ್ತೆಹಚ್ಚುವ ಚರ್ಮಪರೀಕ್ಷೆಯಾಗಿ ಉಪಯೋಗಕ್ಕೆ ಬಂತು. ಇದೇ ಅವಧಿಯಲ್ಲಿ ಸಂಸಾರವೂ ಒಡೆಯಿತು. 1893ರಲ್ಲಿ ಎಮ್ಮಿ ಅವರಿಂದ ವಿಚ್ಛೇದನ ಪಡೆದು, ತಮಗಿಂತ ತೀರ ಚಿಕ್ಕವರಾದ ಹೆಡ್‌ವಿಗ್ ಫ್ರೈಬರ್ಗ್ ಅವರನ್ನು ಮದುವೆಯಾದರು. ಅಂದಿನ ಸಮಾಜ ಇದನ್ನು ಸುಲಭವಾಗಿ ಕ್ಷಮಿಸಲಿಲ್ಲ.

ಹೆಸರು ಹೀಗೆ ಮಸುಕಾಗಿದ್ದಾಗಲೇ, 1892ರ ಆಗಸ್ಟಿನಲ್ಲಿ ಹ್ಯಾಂಬರ್ಗಿಗೆ ಕಾಲರಾ ಬಂತು. ವರ್ತಕರ ಆಡಳಿತವಿದ್ದ ಆ ಸಿರಿವಂತ ಬಂದರು ನಗರ ಎಲ್ಬೆ ನದಿಯ ನೀರನ್ನು ಶೋಧಿಸದೆ ಮನೆಮನೆಗೆ ಹರಿಸುತ್ತಿತ್ತು. ಶೋಧಕ ಕಟ್ಟುವ ಮಾತು ಖರ್ಚಿನ ತಕರಾರಿನಲ್ಲಿ ವರ್ಷಗಟ್ಟಲೆ ಎಳೆದಾಡಿತ್ತು. ಕೆಲಸ ಆರಂಭವಾಗಿದ್ದರೂ ಮುಗಿದಿರಲಿಲ್ಲ. ರೋಗ ಕಾಣಿಸಿಕೊಂಡ ಮೇಲೂ ವ್ಯಾಪಾರ ಕೆಡುವುದೆಂಬ ಅಳುಕಿನಿಂದ ಅಧಿಕಾರಿಗಳು ಅದನ್ನು ಸಾರಿಹೇಳಲು ತಡಮಾಡಿದರು. ಬರ್ಲಿನ್ನಿನಿಂದ ಬಂದ ಕಾಖ್ ಬಡವರ ಇಕ್ಕಟ್ಟಾದ ಗಲ್ಲಿಗಳನ್ನು ಸುತ್ತಿ ನೋಡಿ ದಿಗ್ಭ್ರಮೆಗೊಂಡರು. ನೀರನ್ನು ಕುದಿಸಿ ಕುಡಿಯಬೇಕೆಂದು ಸಾರಿಸಿದರು. ಶುದ್ಧ ನೀರನ್ನು ಬಂಡಿಗಳಲ್ಲಿ ಬೀದಿಗಳಿಗೆ ಸಾಗಿಸುವ ಏರ್ಪಾಡಾಯಿತು. ಆದರೂ ಕೆಲವೇ ವಾರಗಳಲ್ಲಿ ಸುಮಾರು 17 ಸಾವಿರ ಮಂದಿ ಹಾಸಿಗೆ ಹಿಡಿದು, 8,605 ಮಂದಿ ಸತ್ತರು.

ಹ್ಯಾಂಬರ್ಗಿಗೆ ಅಂಟಿಕೊಂಡೇ ಆಲ್ಟೋನಾ ಎಂಬ ನಗರವಿತ್ತು. ಅದು ಪ್ರಷ್ಯಾ ರಾಜ್ಯಕ್ಕೆ ಸೇರಿದ್ದು. ಎರಡು ಊರುಗಳ ನಡುವೆ ಗೋಡೆಯಿಲ್ಲ, ಬಯಲಿಲ್ಲ. ಒಂದೇ ಬೀದಿಯ ಒಂದು ಬದಿ ಹ್ಯಾಂಬರ್ಗ್, ಇನ್ನೊಂದು ಬದಿ ಆಲ್ಟೋನಾ. ಜನರ ಮಾತು, ಉಡುಗೆ, ಊಟ, ಬಡತನ ಎರಡೂ ಕಡೆ ಒಂದೇ. ನೆಲ, ಗಾಳಿ, ಬಿಸಿಲು ಒಂದೇ. ಆಲ್ಟೋನಾ ತನ್ನ ನೀರನ್ನು ಎತ್ತುತ್ತಿದ್ದುದು ಅದೇ ಎಲ್ಬೆ ನದಿಯಿಂದ, ಅದೂ ಹ್ಯಾಂಬರ್ಗಿನ ಕೊಳಚೆಯೆಲ್ಲ ಸೇರಿದ ಕೆಳಭಾಗದಲ್ಲಿ. ಹೀಗಾಗಿ ಅಲ್ಲಿ ರೋಗ ಇನ್ನೂ ಹೆಚ್ಚಾಗಬೇಕಿತ್ತು. ಆದರೆ ಗಡಿಯ ಆಚೆ ಕಾಲರಾ ಉರಿಯುತ್ತಿದ್ದಾಗ ಈಚೆ ಅದು ತೀರ ವಿರಳವಾಗಿತ್ತು. ವ್ಯತ್ಯಾಸ ಒಂದೇ: ಆಲ್ಟೋನಾದ ನೀರು ಮರಳಿನ ಶೋಧಕಗಳ ಮೂಲಕ ಹಾದು ಬರುತ್ತಿತ್ತು. ಹ್ಯಾಂಬರ್ಗಿನ ಎಲ್ಲೆಯೊಳಗೇ ಇದ್ದರೂ ಆಲ್ಟೋನಾದ ಕೊಳಾಯಿಯಿಂದ ನೀರು ಪಡೆಯುತ್ತಿದ್ದ ಒಂದು ವಠಾರದಲ್ಲಿ ನೂರಾರು ಜನರಿದ್ದರು. ಸುತ್ತಲಿನ ಮನೆಗಳಲ್ಲಿ ಸಾವುಗಳಾದರೂ ಆ ವಠಾರಕ್ಕೆ ರೋಗ ಕಾಲಿಡಲಿಲ್ಲ. ರೋಗ ನಕ್ಷೆಯ ಗಡಿಯನ್ನು ಅನುಸರಿಸಲಿಲ್ಲ, ಕೊಳವೆಯ ಗಡಿಯನ್ನು ಅನುಸರಿಸಿತು. ನೆಲದ ಗುಣ ಕಾರಣವೆಂಬ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ. ಆದರೂ ಆ ಅಕ್ಟೋಬರಿನಲ್ಲಿ ಎಪ್ಪತ್ತು ದಾಟಿದ ಪೆಟ್ಟೆನ್‌ಕೋಫರ್ ಕಾಲರಾ ರೋಗಾಣುಗಳಿದ್ದ ದ್ರವವನ್ನು ತಾವೇ ಕುಡಿದು ತಮ್ಮ ವಾದವನ್ನು ಸ್ಥಾಪಿಸಲು ಹೊರಟರು. ಸ್ವಲ್ಪ ಭೇದಿಯಾದದ್ದು ಬಿಟ್ಟರೆ ಅವರಿಗೆ ಏನೂ ಆಗಲಿಲ್ಲ. ರೋಗಾಣು ಹೊಕ್ಕ ಪ್ರತಿಯೊಬ್ಬರೂ ಒಂದೇ ಪ್ರಮಾಣದಲ್ಲಿ ರೋಗಿಗಳಾಗುವುದಿಲ್ಲವೆಂಬ ಸತ್ಯಾಂಶ ಆ ಹಟದಲ್ಲೂ ಇತ್ತು.

1893ರಲ್ಲಿ ಕಾಖ್ ನೀರಿನ ಶೋಧನೆ ಮತ್ತು ಕಾಲರಾ ಕುರಿತು ಬರೆದ ಪ್ರಬಂಧ ನೀರು ಸರಬರಾಜಿನ ಇತಿಹಾಸದಲ್ಲಿ ಒಂದು ತಿರುವು. ಮರಳು ಶೋಧಕದಲ್ಲಿ ನಿಜವಾದ ಕೆಲಸ ಮಾಡುವುದು ಮರಳಿನ ಮೇಲೆ ಕೂರುವ ಲೋಳೆಯಂಥ ತೆಳುಪದರವೆಂದು ಅವರು ವಿವರಿಸಿದರು. ಆ ಪದರ ಕದಡದಂತೆ ನೀರು ನಿಧಾನವಾಗಿ, ಗಂಟೆಗೆ 100 ಮಿಲಿಮೀಟರಿಗಿಂತ ವೇಗವಾಗದಂತೆ, ಇಳಿಯಬೇಕು. ಒಂದೊಂದು ಶೋಧಕದ ನೀರನ್ನೂ ದಿನದಿನವೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಒಂದು ಮಿಲಿಲೀಟರಿನಲ್ಲಿ 100ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾಗಳು ಕಂಡರೆ ಆ ನೀರನ್ನು ಜನರಿಗೆ ಬಿಡಬಾರದು. ಈ ಎಚ್ಚರ ಏಕೆಂಬುದಕ್ಕೆ ಆಲ್ಟೋನಾದಲ್ಲೇ ನಿದರ್ಶನ ಸಿಕ್ಕಿತು. 1893ರ ಆರಂಭದ ಕಡುಚಳಿಯಲ್ಲಿ ಮರಳು ಹೆಪ್ಪುಗಟ್ಟಿ ಶೋಧಕ ಕೆಟ್ಟಿತು; ತಟ್ಟೆಗಳ ಮೇಲೆ ಚುಕ್ಕೆಗಳ ಸಂಖ್ಯೆ ಏರಿತು; ಅದರ ಬೆನ್ನಿಗೆ ಊರಿನಲ್ಲಿ ಕಾಲರಾ ಕಾಣಿಸಿಕೊಂಡಿತು. ರೋಗಿ ಬೀಳುವ ಮೊದಲೇ ತಟ್ಟೆ ಸೂಚನೆ ಕೊಟ್ಟಿತ್ತು.

ನೀರಿನಲ್ಲಿ ಕಾಲರಾ ರೋಗಾಣು ಒಂದೆರಡೇ ಇದ್ದಾಗ ತಟ್ಟೆಯ ಮೇಲೆ ಬೇರೆ ಜೀವಿಗಳ ಸಂತೆಯಲ್ಲಿ ಅದು ಕಾಣದೆ ಹೋಗುತ್ತದೆ. ಇದಕ್ಕೂ ಕಾಖ್ ದಾರಿ ತೋರಿದರು. ಪೆಪ್ಟೋನ್ ಎಂಬ ಪೋಷಕಾಂಶವನ್ನು ತುಸು ಕ್ಷಾರೀಯವಾದ ನೀರಿಗೆ ಬೆರೆಸಿ ಬೆಚ್ಚಗಿಟ್ಟರೆ ಈ ಬಾಗಿದ ದಂಡಾಣು ಉಳಿದವುಗಳಿಗಿಂತ ಬೇಗ ಬೆಳೆಯುತ್ತದೆ. ಗಾಳಿಯನ್ನು ಬಯಸುವುದರಿಂದ ಮೇಲಕ್ಕೆ ಈಜಿ ಬರುತ್ತದೆ. ಕೆಲವು ಗಂಟೆಗಳ ಬಳಿಕ ಮೇಲ್ಮೈಯ ಹನಿಯನ್ನು ತೆಗೆದರೆ ಅದು ಸಿಗುತ್ತದೆ.

ಉಳಿದ ವರ್ಷಗಳಲ್ಲಿ ಅವರ ಬಾಲ್ಯದ ಆಸೆ ತಡವಾಗಿ ಈಡೇರಿತು. ದನಗಳ ದೊಡ್ಡರೋಗದ ಅಧ್ಯಯನಕ್ಕೆ ದಕ್ಷಿಣ ಆಫ್ರಿಕಕ್ಕೆ ಹೋದರು. 1897ರಲ್ಲಿ ಪ್ಲೇಗು ಹಬ್ಬಿದ್ದ ಮುಂಬಯಿಗೆ ಬಂದರು. ಕುಮಾವೂನ್ ಬೆಟ್ಟಗಳ ಮುಕ್ತೇಶ್ವರದ ಪಶುರೋಗ ಪ್ರಯೋಗಶಾಲೆಗೂ ಭೇಟಿಕೊಟ್ಟರು. ತಪ್ಪುಗಳೂ ಜೊತೆಗೆ ನಡೆದವು. ದನದ ಕ್ಷಯ ಮನುಷ್ಯನಿಗೆ ಅಷ್ಟೇನೂ ಅಪಾಯವಲ್ಲವೆಂದು 1901ರಲ್ಲಿ ಲಂಡನ್ನಿನಲ್ಲಿ ಸಾರಿದ್ದು ತಪ್ಪೆಂದು ಬ್ರಿಟನ್ನಿನ ಆಯೋಗ ತೋರಿಸಿತು. ಹಾಲಿನ ಮೂಲಕ ಮಕ್ಕಳಿಗೆ ಆ ರೋಗ ಅಂಟುತ್ತಿತ್ತು. 1906-07ರಲ್ಲಿ ಪೂರ್ವ ಆಫ್ರಿಕದಲ್ಲಿ ನಿದ್ರಾರೋಗಿಗಳಿಗೆ ಅಟಾಕ್ಸಿಲ್ ಎಂಬ ಪಾಷಾಣಯುಕ್ತ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವರು ಕಣ್ಣು ಕಳೆದುಕೊಂಡರು. ವಸಾಹತು ನಾಡಿನ ಆ ಬಡ ರೋಗಿಗಳ ಹೆಸರುಗಳು ಚರಿತ್ರೆಯಲ್ಲಿ ಉಳಿಯಲಿಲ್ಲ. 1905ರಲ್ಲಿ ಕ್ಷಯ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಬಂತು. 1910ರ ಮೇ 27ರಂದು ಬಾಡೆನ್-ಬಾಡೆನ್ ಎಂಬ ಆರೋಗ್ಯಧಾಮದ ಊರಿನಲ್ಲಿ ಕಾಖ್ ಕೊನೆಯುಸಿರೆಳೆದರು. ಅವರ ಚಿತಾಭಸ್ಮವನ್ನು ಬರ್ಲಿನ್ನಿನ ಅವರ ಸಂಸ್ಥೆಯಲ್ಲೇ ಇರಿಸಲಾಗಿದೆ.

ಅವರ ವಿಧಾನ ಅವರ ಜೀವಿತಕಾಲದಲ್ಲೇ ಕೆರೆ ನದಿಗಳಿಂದ ಕಡಲಿಗೂ ಇಳಿಯಿತು. 1894ರಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಔತಣಗಳಲ್ಲಿ ಹಸಿಯಾಗಿ ತಿಂದ ಆಯಿಸ್ಟರ್ ಎಂಬ ಸಿಂಪಿಗಳಿಂದ ವಿಷಮಶೀತ ಜ್ವರ ಹಬ್ಬಿತು; ಆ ಸಿಂಪಿಗಳನ್ನು ರೋಗಿಯಿದ್ದ ಮನೆಯ ಕೊಳಚೆ ಸೇರುವ ನದೀಮುಖದಲ್ಲಿ ಇರಿಸಲಾಗಿತ್ತೆಂದು ಎಚ್. ಡಬ್ಲ್ಯೂ. ಕಾನ್ ಪತ್ತೆಹಚ್ಚಿದರು. ಸಿಂಪಿಯಾಗಲಿ, ನಮ್ಮ ಕರಾವಳಿಯ ಮರುವಾಯಿಯಾಗಲಿ, ಆಹಾರ ಹುಡುಕಿ ಅಲೆಯುವುದಿಲ್ಲ. ನೀರನ್ನು ಒಳಗೆಳೆದು ಸೋಸಿ ಹೊರಬಿಡುತ್ತದೆ. ಅನುಕೂಲವಿದ್ದರೆ ದೊಡ್ಡ ಸಿಂಪಿಯೊಂದು ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರನ್ನು ಸೋಸಬಲ್ಲುದು. ನೀರಿನಲ್ಲಿ ವಿರಳವಾಗಿದ್ದ ರೋಗಾಣು ಅದರ ಮೈಯಲ್ಲಿ ಸಾಂದ್ರವಾಗುತ್ತದೆ. ಕಲ್ಕತ್ತದಲ್ಲಿ ಕಾಖ್ ಅವರ ಮಾತನ್ನು ಅಲ್ಲಗಳೆದಿದ್ದ ಕ್ಲೈನ್ ಅವರೇ ಕೆಲವು ವರ್ಷಗಳ ಬಳಿಕ ಬ್ರಿಟಿಷ್ ಸರಕಾರಕ್ಕಾಗಿ ಸಿಂಪಿಗಳಲ್ಲಿ ವಿಷಮಶೀತ ಜ್ವರ ಮತ್ತು ಕಾಲರಾದ ರೋಗಾಣುಗಳು ಎಷ್ಟು ದಿನ ಬದುಕುತ್ತವೆಂದು ಪರೀಕ್ಷಿಸಿದರು. ರೋಗಾಣುವನ್ನೇ ಹುಡುಕುವ ಬದಲು, ಮನುಷ್ಯನ ಕರುಳಿನಲ್ಲಿ ಸದಾ ನೆಲಸಿರುವ, ತಿಯೋಡೋರ್ ಎಶೆರಿಕ್ 1885ರಲ್ಲಿ ಕಂಡುಹಿಡಿದ ದಂಡಾಣುವನ್ನು ಹುಡುಕುವ ಕ್ರಮವೂ ಬೆಳೆಯಿತು. ಅದು ನೀರಿನಲ್ಲಿದ್ದರೆ ಮಲ ಸೇರಿದೆಯೆಂದೇ ಅರ್ಥ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದು 272 ಮಂದಿ ಅಸ್ವಸ್ಥರಾಗಿ 20 ಮಂದಿ ಸತ್ತಾಗ, ತ್ಸುನೆಸಬುರೊ ಫುಜಿನೊ ಕಾಲರಾ ರೋಗಾಣುವಿನ ಕಡಲ ಸೋದರನೊಂದನ್ನು ಗುರುತಿಸಿದರು. ಇಂದು ಚಿಪ್ಪುಜೀವಿಗಳ ಮಾಂಸದಲ್ಲಿ ಈ ಕುಲದ ಬ್ಯಾಕ್ಟೀರಿಯಾಗಳನ್ನು ಹುಡುಕುವವರು ಮೊದಲು ಅದನ್ನು ಅರೆದು ಹಾಕುವುದು ಕ್ಷಾರೀಯ ಪೆಪ್ಟೋನ್ ನೀರಿಗೇ.

ಕಾಖ್ ಅವರ ತಟ್ಟೆಗೂ ಮಿತಿಯಿತ್ತು. ಬೆಳೆದು ಚುಕ್ಕೆಯಾದ ಜೀವಿಯನ್ನಷ್ಟೇ ಅದು ತೋರಿಸಬಲ್ಲುದು. ಕಾಲರಾದ ರೋಗಾಣು ಅಳಿವೆಗಳ ಉಪ್ಪುನೀರಿನಲ್ಲಿ ಸಣ್ಣ ಪ್ಲವಕಜೀವಿಗಳಿಗೆ ಅಂಟಿಕೊಂಡು ಸಹಜವಾಗಿಯೇ ಬದುಕುತ್ತದೆಂದೂ, ಪ್ರತಿಕೂಲ ಕಾಲದಲ್ಲಿ ತಟ್ಟೆಯ ಮೇಲೆ ಬೆಳೆಯದ ಸ್ಥಿತಿಗೆ ಇಳಿದು ಜೀವ ಹಿಡಿದಿರುತ್ತದೆಂದೂ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು ತೋರಿಸಿದರು. ಕಾಖ್ ಉತ್ತರಿಸಲಾಗದೆ ಬಿಟ್ಟ ಇನ್ನೊಂದು ಪ್ರಶ್ನೆಗೆ, ಈ ಜೀವಿ ಮನುಷ್ಯನನ್ನು ಕೊಲ್ಲುವುದು ಹೇಗೆಂಬುದಕ್ಕೆ, ಉತ್ತರ ಬಂದದ್ದು ಅವರು ಕೆಲಸ ಮಾಡಿದ ಅದೇ ಕಲ್ಕತ್ತದಿಂದ. ಮೊಲದ ಕರುಳಿನ ತುಣುಕನ್ನು ಕಟ್ಟಿ ಅದರೊಳಗೆ ರೋಗಾಣುವನ್ನು ಬೆಳೆಸುವ ಸರಳ ಪ್ರಯೋಗದಿಂದ ಶಂಭುನಾಥ ದೇ ಎಂಬ ವೈದ್ಯರು ರೋಗಾಣು ಸ್ರವಿಸುವ ವಿಷವೇ ದೇಹದ ನೀರನ್ನೆಲ್ಲ ಹೊರಹರಿಸುತ್ತದೆಂದು 1959ರಲ್ಲಿ ಸಾಧಿಸಿದರು. ಕೊಲ್ಲುವುದು ನೀರಿನ ನಷ್ಟವೆಂದು ಖಚಿತವಾದ ಮೇಲೆ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿ ಜೀವ ಉಳಿಸುವ ಚಿಕಿತ್ಸೆಗೆ ಬಲ ಬಂತು. ಸಾಹೇಬ್ ಬಗಾನಿನ ಕೆರೆಯ ದಡದಲ್ಲಿ ಸತ್ತವರಿಗೆ ಆ ಲೋಟ ನೀರು ಸಿಕ್ಕಿರಲಿಲ್ಲ.